ಒಂದೇ ಮೇಜು, ಮೂರು ಇಮೇಲ್ ವಿಳಾಸ

ಪ್ರಶ್ನೆ: ನಮ್ಮಪ್ಪ 1984ರಿಂದ 1988ರವರೆಗೆ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರು. ಮೊನ್ನೆ ಮನೆಗೆ ಸುಣ್ಣ ಹೊಡೆಸುವಾಗ ಅವರ ಟ್ರಂಕಿನಲ್ಲಿ ಮೂರು ಹಳೆಯ ಪ್ರಬಂಧ ಸಿಕ್ಕವು. ಮೂರರಲ್ಲೂ ಹೆಸರಿನ ಕೆಳಗೆ ಇಮೇಲ್ ಇದೆ. ಆದರೆ ಮೂರೂ ಬೇರೆ ಬೇರೆ. ಒಂದರಲ್ಲಿ ಬರೀ ಆಶ್ಚರ್ಯಸೂಚಕ ಚಿಹ್ನೆಗಳು, ಇನ್ನೊಂದರಲ್ಲಿ ಶೇಕಡಾ ಗುರುತು, ಮೂರನೆಯದು ಮಾತ್ರ ಈಗಿನ ಇಮೇಲ್ ಥರ ಇದೆ. ಅಪ್ಪ ಮೂರು ಕಾಲೇಜು ಬದಲಾಯಿಸಿದ್ದರಾ? ಕೇಳಿದರೆ "ಅದೊಂದು ದೊಡ್ಡ ಕಥೆ" ಅಂತ ನಕ್ಕು ಸುಮ್ಮನಾಗುತ್ತಾರೆ. ಈ ವಿಳಾಸಗಳಿಗೆ ಈಗ ಮೇಲ್ ಹಾಕಿದರೆ ಹೋಗುತ್ತಾ?

ಉತ್ತರ: ನಿಮ್ಮ ಪತ್ರ ಓದಿ ನನಗೂ ನಗು ಬಂತು. ಅಪ್ಪ ಕಾಲೇಜು ಬದಲಾಯಿಸಿಲ್ಲ. ಬಹುಶಃ ಕೂತ ಕುರ್ಚಿಯನ್ನೂ ಬದಲಾಯಿಸಿಲ್ಲ. ಅವರು ಅಲ್ಲೇ ಕೂತಿದ್ದಾಗ ಸುತ್ತಲಿನ ಇಮೇಲ್ ಲೋಕ ಮೂರು ಸಲ ಮಗ್ಗುಲು ಬದಲಾಯಿಸಿತು. ನೀವು ಕಳಿಸಿದ ವಿಳಾಸಗಳನ್ನು ಹೆಸರು ಬದಲಾಯಿಸಿ ಇಲ್ಲಿ ಹಾಕುತ್ತೇನೆ, ಮುಂದೆ ಅವುಗಳನ್ನೇ ಬಿಡಿಸಿ ನೋಡೋಣ.

1984ರದ್ದು: ಸೈಸ್ಮೊ!ಕಾಲೇಜ್!ವಿಭಾಗ!ರಾವ್
1986ರದ್ದು: ರಾವ್%ಕಾಲೇಜ್‌ವಿಎಂ.ಬಿಟ್‌ನೆಟ್@ವಿಸ್ಕ್‌ವಿಎಂ.ಆರ್ಪಾ
1988ರದ್ದು: ರಾವ್@ಸಿಎಸ್.ಕಾಲೇಜ್.ಇಡಿಯು

ಮೊದಲನೆಯದು ವಿಳಾಸವೇ ಅಲ್ಲ. ಅದು ದಾರಿ. ನಮ್ಮ ಕಡೆ ಹಳ್ಳಿ ಮನೆಗೆ ದಾರಿ ಹೇಳುವುದಿಲ್ಲವಾ, "ಬಸ್ ಸ್ಟ್ಯಾಂಡಲ್ಲಿ ಇಳೀರಿ, ಅರಳಿಕಟ್ಟೆ ದಾಟಿ, ಹಿಟ್ಟಿನ ಗಿರಣಿ ಹತ್ತಿರ ಎಡಕ್ಕೆ ತಿರುಗಿ" ಅಂತ, ಹಾಗೆ. ಎಡದಿಂದ ಓದಿ: ಮೊದಲು ಸೈಸ್ಮೊ ಎಂಬ ಕಂಪ್ಯೂಟರಿಗೆ ಕೊಡು, ಅದು ಕಾಲೇಜಿನ ಕಂಪ್ಯೂಟರಿಗೆ ಕೊಡಲಿ, ಅದು ವಿಭಾಗದ ಕಂಪ್ಯೂಟರಿಗೆ, ಅಲ್ಲಿ ರಾವ್ ಅನ್ನುವವರು ಇದ್ದಾರೆ. ಆ ಚಿಹ್ನೆಗೆ ಅಲ್ಲಿನವರು ಬ್ಯಾಂಗ್ ಅನ್ನುತ್ತಿದ್ದರು, ಅದಕ್ಕೇ ಇದರ ಹೆಸರು ಬ್ಯಾಂಗ್ ಪಾತ್.

ಇದು ಯುಯುಸಿಪಿ ಎಂಬ ವ್ಯವಸ್ಥೆ. 70ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೈಕ್ ಲೆಸ್ಕ್ ಬರೆದದ್ದು. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇದ್ದ ಕಂಪ್ಯೂಟರುಗಳು ಮಾಮೂಲಿ ಫೋನ್ ಲೈನಿನಲ್ಲಿ ಮೋಡೆಮ್ ಹಾಕಿ ಒಂದಕ್ಕೊಂದು ಫೋನ್ ಮಾಡುತ್ತಿದ್ದವು. ಅದೂ ಹೆಚ್ಚಾಗಿ ರಾತ್ರಿ ಹೊತ್ತು, ಆಗ ಎಸ್‌ಟಿಡಿ ಥರ ದರ ಕಡಿಮೆ. ಒಂದು ಕಂಪ್ಯೂಟರ್ ಕಾಗದ ತೆಗೆದುಕೊಂಡು ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ, ಇನ್ನೊಂದಕ್ಕೆ ಫೋನ್ ಮಾಡುವ ಸರದಿ ಬಂದಾಗ ದಾಟಿಸುತ್ತದೆ. ನಾಲ್ಕು ಕೈ ದಾಟುವ ಮೇಲ್ ಒಂದೆರಡು ದಿನ ತೆಗೆದುಕೊಂಡರೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಸೈಸ್ಮೊ ಅಂದರೆ ವರ್ಜೀನಿಯಾದ ಭೂಕಂಪ ಅಧ್ಯಯನ ಕೇಂದ್ರವೊಂದರ ಕಂಪ್ಯೂಟರ್. ಭೂಕಂಪಕ್ಕೂ ನಿಮ್ಮಪ್ಪನಿಗೂ ಏನೂ ಸಂಬಂಧ ಇಲ್ಲ. ಆ ಕಂಪ್ಯೂಟರಿಗೆ ತುಂಬ ಕಡೆಗೆ ಕೊಂಡಿ ಇತ್ತು, ಅಷ್ಟೇ. ಇಂಥ ದೊಡ್ಡ ಜಂಕ್ಷನ್‌ಗಳು ಇನ್ನೂ ಕೆಲವಿದ್ದವು: ಬೆಲ್ ಲ್ಯಾಬ್ಸ್‌ನ ಐಎಚ್‌ಎನ್‌ಪಿ4, ಡೆಕ್ ಕಂಪನಿಯ ಡೆಕ್‌ವ್ಯಾಕ್ಸ್, ಆಮ್‌ಸ್ಟರ್‌ಡ್ಯಾಮ್‌ನ ಎಂಸಿವ್ಯಾಕ್ಸ್. ದಾರಿ ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದರ ಮೇಲೆ ವಿಳಾಸವೇ ಬದಲಾಗುತ್ತಿತ್ತಲ್ಲ, ಹಾಗಾಗಿ ಜನ ಎಲ್ಲರಿಗೂ ಗೊತ್ತಿರುವ ಜಂಕ್ಷನ್‌ನಿಂದ ದಾರಿ ಬರೆದುಕೊಡುತ್ತಿದ್ದರು. ಜಂಕ್ಷನ್‌ವರೆಗೆ ತಲುಪುವುದು ನಿಮ್ಮ ಪಾಡು. ನಮ್ಮ ಹಳ್ಳಿ ವಿಳಾಸದಲ್ಲಿ "ವಯಾ ಸಾಗರ", "ವಯಾ ತಿಪಟೂರು" ಅಂತ ಬರೆಯುತ್ತಿದ್ದೆವಲ್ವಾ, ಅದೇ.

ದಾರಿ ಹುಡುಕಿಕೊಡುವುದಕ್ಕೇ ಒಂದು ಪ್ರೋಗ್ರಾಂ ಇತ್ತು. ಹೆಸರು ಪಾತ್‌ಅಲಿಯಾಸ್. ಪೀಟರ್ ಹನಿಮ್ಯಾನ್ ಮತ್ತು ಸ್ಟೀವ್ ಬೆಲೋವಿನ್ ಮಾಡಿದ್ದು. ಯಾರು ಯಾರಿಗೆ ಎಷ್ಟು ಹೊತ್ತಿಗೊಮ್ಮೆ ಫೋನ್ ಮಾಡುತ್ತಾರೆ ಎಂಬ ಪಟ್ಟಿ ಕೊಟ್ಟರೆ ಅದು ಕಡಿಮೆ ಖರ್ಚಿನ ದಾರಿ ಲೆಕ್ಕ ಹಾಕುತ್ತಿತ್ತು. ಗಂಟೆಗೊಮ್ಮೆ ಫೋನ್ ಮಾಡುವ ಕೊಂಡಿಗೆ 500 ಅಂಕ, ದಿನಕ್ಕೊಮ್ಮೆಯಾದರೆ 5000, ವಾರಕ್ಕೊಮ್ಮೆಯಾದರೆ 30,000. ಗಂಟೆಗೂ ದಿನಕ್ಕೂ 24 ಪಟ್ಟು ವ್ಯತ್ಯಾಸ ಇರಬೇಕಿತ್ತು, 10 ಪಟ್ಟು ಮಾತ್ರ ಇದೆ, ಗಮನಿಸಿದಿರಾ? ಒಂದೊಂದು ಕೈ ದಾಟುವುದಕ್ಕೂ ಅದರದೇ ಖರ್ಚು ಇರುತ್ತದೆ. ಬರೀ ಗಂಟೆ ಲೆಕ್ಕ ಹಾಕಿದರೆ ಪ್ರೋಗ್ರಾಂ ಹತ್ತಾರು ಕೈ ಸುತ್ತಿಸಿ ಕಳಿಸಿಬಿಡುತ್ತಿತ್ತು.

ಈ ಬ್ಯಾಂಗ್ ಪಾತ್‌ನ ಹೆಸರಲ್ಲಿ ಒಂದು ಒಳ್ಳೆಯ ಕಿತಾಪತಿ ನಡೆಯಿತು. 1984ರ ಏಪ್ರಿಲ್ 1ರಂದು ಯೂಸ್‌ನೆಟ್ ಎಂಬ ಆಗಿನ ಚರ್ಚಾ ಜಾಲದಲ್ಲಿ ಸೋವಿಯತ್ ನಾಯಕ ಚೆರ್ನೆಂಕೊ ಹೆಸರಲ್ಲಿ ಒಂದು ಸಂದೇಶ ಬಂತು: ನಾವೂ ಯೂಸ್‌ನೆಟ್ ಸೇರಿದ್ದೇವೆ ಅಂತ. ಅದು ಬಂದ ದಾರಿಯಲ್ಲಿ ಕ್ರೆಮ್‌ವ್ಯಾಕ್ಸ್ ಅನ್ನುವ ಕಂಪ್ಯೂಟರ್ ಇತ್ತು. ಎಷ್ಟೋ ಜನ ನಂಬಿದರು. ಬರೆದವರು ಆಮ್‌ಸ್ಟರ್‌ಡ್ಯಾಮ್‌ನ ಪೀಟ್ ಬೀರ್‌ಟೆಮಾ. ದಾರಿಯನ್ನು ಯಾರು ಬೇಕಾದರೂ ಬರೆಯಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ. ಮುಂದೆ ನಿಜವಾಗಿಯೂ ಸೋವಿಯತ್‌ನವರು ನೆಟ್‌ಗೆ ಬಂದಾಗ ಮಾಸ್ಕೋದಲ್ಲಿ ಒಂದು ಕಂಪ್ಯೂಟರಿಗೆ ಬೇಕೆಂದೇ ಕ್ರೆಮ್‌ವ್ಯಾಕ್ಸ್ ಅಂತ ಹೆಸರಿಟ್ಟರು.

ಹಾಗಾದರೆ @ ಆಗ ಇರಲಿಲ್ಲವಾ? ಇತ್ತು. ಅದು ಇನ್ನೂ ಹಳೆಯದು. 1971ರಲ್ಲಿ ಬಿಬಿಎನ್ ಕಂಪನಿಯ ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರಿನಿಂದ ಪಕ್ಕದಲ್ಲೇ ಇದ್ದ ಇನ್ನೊಂದಕ್ಕೆ ಅರ್ಪಾನೆಟ್ ಎಂಬ ಹಳೆಯ ಕಂಪ್ಯೂಟರ್ ಜಾಲದ ಮೂಲಕ ಸಂದೇಶ ಕಳಿಸಿದರು. ಜನರ ಹೆಸರಿನಲ್ಲಿ ಬರದ ಒಂದು ಗುರುತು ಬೇಕಿತ್ತು, @ ಆರಿಸಿಕೊಂಡರು. ಅವರ ಕಂಪ್ಯೂಟರಿನಲ್ಲಿ ಅದಕ್ಕೆ ಬೇರೆ ಕೆಲಸ ಇರಲಿಲ್ಲ. ಆದರೆ ಮಲ್ಟಿಕ್ಸ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ @ ಒತ್ತಿದರೆ ಆ ಸಾಲಿನಲ್ಲಿ ಟೈಪ್ ಮಾಡಿದ್ದೆಲ್ಲ ಅಳಿಸಿಹೋಗುತ್ತಿತ್ತು! ಪಾಪ, ಅಲ್ಲಿನವರು ವಿಳಾಸ ಟೈಪ್ ಮಾಡುತ್ತಾ @ ಹತ್ತಿರ ಬಂದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹಳೆಯ ಯುನಿಕ್ಸ್‌ನಲ್ಲೂ ಇದೇ ಗೋಳು. 1977ರ ಇಮೇಲ್ ನಿಯಮದಲ್ಲಿ @ ಬದಲು 'ಅಟ್' ಎಂಬ ಪದವನ್ನೇ ಬರೆಯಬಹುದು ಅಂತ ಒಂದು ಕಿಟಕಿ ಬಿಟ್ಟಿದ್ದರು.

ಬ್ಯಾಂಗ್‌ಗೂ ಅದರದೇ ಕಾಟ ಇತ್ತು. ಯುನಿಕ್ಸ್‌ನಲ್ಲಿ ಕಮಾಂಡ್ ಟೈಪ್ ಮಾಡಲು ಸಿ ಷೆಲ್ ಎಂಬ ಪ್ರೋಗ್ರಾಂ ಬಳಸುವವರಿಗೆ ಆಶ್ಚರ್ಯಸೂಚಕ ಅಂದರೆ "ಹಿಂದೆ ಕೊಟ್ಟ ಕಮಾಂಡ್ ಮತ್ತೆ ತಾ" ಅಂತ ಅರ್ಥ. ಹಾಗಾಗಿ ಪ್ರತಿಯೊಂದು ಬ್ಯಾಂಗ್ ಹಿಂದೆಯೂ \ ಈ ಓರೆಗೆರೆ ಹಾಕಬೇಕು. ಒಂದು ಮರೆತರೂ 'ಇವೆಂಟ್ ನಾಟ್ ಫೌಂಡ್' ಅಂತ ಮುಖಕ್ಕೆ ಹೊಡೆದಂತೆ ಉತ್ತರ ಬರುತ್ತಿತ್ತು.

ಈಗ ಎರಡನೆಯ ವಿಳಾಸ. 80ರ ದಶಕದಲ್ಲಿ ಇಂಟರ್‌ನೆಟ್ ಅಂತ ಒಂದೇ ಇರಲಿಲ್ಲ. ರಕ್ಷಣಾ ಇಲಾಖೆಯ ದುಡ್ಡಿನ ಅರ್ಪಾನೆಟ್ ಒಂದು ಕಡೆ. ಅದರೊಳಗೆ ಜಾಗ ಸಿಗದ ಕಂಪ್ಯೂಟರ್ ಸೈನ್ಸ್ ವಿಭಾಗಗಳಿಗಾಗಿ 1981ರಲ್ಲಿ ಶುರುವಾದ ಸಿಎಸ್‌ನೆಟ್ ಇನ್ನೊಂದು ಕಡೆ. ಅದೇ ವರ್ಷ ನ್ಯೂಯಾರ್ಕ್ ಮತ್ತು ಯೇಲ್ ನಡುವೆ ಐಬಿಎಂ ಕಂಪ್ಯೂಟರುಗಳನ್ನು ಜೋಡಿಸಿ ಶುರುವಾದ ಬಿಟ್‌ನೆಟ್ ಮತ್ತೊಂದು. ಒಂದೊಂದಕ್ಕೂ ಅದರದೇ ವಿಳಾಸ ಪದ್ಧತಿ. ಬಿಟ್‌ನೆಟ್‌ನಲ್ಲಿ ಕಂಪ್ಯೂಟರಿನ ಹೆಸರು ಎಂಟು ಅಕ್ಷರ ಮೀರುವಂತಿಲ್ಲ. ಆ ವಿಚಿತ್ರ ಮೊಟಕು ಹೆಸರುಗಳು ಹುಟ್ಟಿದ್ದು ಹಾಗೆ.

ನಿಮ್ಮಪ್ಪನ ಕಾಲೇಜಿನ ಕಂಪ್ಯೂಟರ್ ಸೆಂಟರಿನಲ್ಲಿ ಬಿಟ್‌ನೆಟ್ ಇತ್ತು ಅಂತ ಕಾಣುತ್ತದೆ. ಅರ್ಪಾನೆಟ್‌ನಲ್ಲಿದ್ದವರು ಅವರಿಗೆ ಬರೆಯಬೇಕಾದರೆ ಎರಡೂ ಕಡೆ ಕಾಲಿಟ್ಟ ಒಂದು ಕಂಪ್ಯೂಟರ್ ಬೇಕು. ಅದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಸ್ಕ್‌ವಿಎಂ. ಮೇಲ್ ಮೊದಲು @ ಆದ ಮೇಲಿರುವ ವಿಸ್ಕ್‌ವಿಎಂಗೆ ಹೋಗುತ್ತದೆ. ವಿಸ್ಕ್‌ವಿಎಂ ತನ್ನ ಹೆಸರನ್ನು ಕಿತ್ತು ಹಾಕಿ, ಉಳಿದ ಭಾಗದ ಶೇಕಡಾ ಗುರುತನ್ನು @ ಮಾಡಿಕೊಳ್ಳುತ್ತದೆ. ಆಗ ಅದು ರಾವ್@ಕಾಲೇಜ್‌ವಿಎಂ.ಬಿಟ್‌ನೆಟ್ ಆಗುತ್ತದೆ, ಆಚೆ ಕಡೆಗೆ ಹೋಗುತ್ತದೆ. ಕವರಿನೊಳಗೆ ಕವರ್ ಇಟ್ಟ ಹಾಗೆ. ಇದಕ್ಕೆ ಯಾವ ನಿಯಮದ ಬೆಂಬಲವೂ ಇರಲಿಲ್ಲ, ಯಾರೋ ಮಾಡಿದರು, ಕೆಲಸ ಮಾಡಿತು, ಎಲ್ಲರೂ ಹಿಡಿದುಕೊಂಡರು.

ನಿಜವಾದ ತಲೆನೋವು ಎರಡು ಪದ್ಧತಿ ಬೆರೆತಾಗ. ಅ!ಬ@ಕ ಅಂತ ಒಂದು ವಿಳಾಸ ಬಂತು ಅನ್ನಿ. ಅರ್ಪಾನೆಟ್‌ನವರ ಪ್ರಕಾರ @ ದೊಡ್ಡದು: ಮೊದಲು ಕ ಕಂಪ್ಯೂಟರಿಗೆ ಕಳಿಸು, ಅದು ಅ ಕಂಪ್ಯೂಟರಿನ ಬ ಎಂಬವರಿಗೆ ದಾಟಿಸಲಿ. ಯುಯುಸಿಪಿಯವರ ಪ್ರಕಾರ ಬ್ಯಾಂಗ್ ದೊಡ್ಡದು: ಮೊದಲು ಅ ಕಂಪ್ಯೂಟರಿಗೆ ಕಳಿಸು, ಅದು ಕ ಕಂಪ್ಯೂಟರಿನ ಬ ಎಂಬವರಿಗೆ ದಾಟಿಸಲಿ. ಒಂದೇ ವಿಳಾಸ, ಬೇರೆ ಬೇರೆ ಊರು, ಬೇರೆ ಬೇರೆ ಮನುಷ್ಯ! ಮಧ್ಯದಲ್ಲಿ ಒಂದು ಕಂಪ್ಯೂಟರ್ ಹೀಗೆ ಓದಿ, ಮುಂದಿನದು ಹಾಗೆ ಓದಿದರೆ ಕಾಗದ ಎಲ್ಲಿ ಹೋಯಿತೋ ದೇವರೇ ಬಲ್ಲ. ಬರ್ಕ್‌ಲಿಯ ಎರಿಕ್ ಆಲ್‌ಮನ್ ಬರೆದ ಸೆಂಡ್‌ಮೇಲ್ ಪ್ರೋಗ್ರಾಂ ಅಷ್ಟು ಗೋಜಲಾಗಿದ್ದಕ್ಕೆ ಇದೇ ಕಾರಣ. ಯಾವ ಕಡೆಯ ವಿಳಾಸ ಬಂದರೂ ತಿರುಚಿ ಇನ್ನೊಂದು ಕಡೆಗೆ ಒಗ್ಗಿಸುವ ಕೆಲಸ ಅದರದ್ದು. ಅದರ ಸೆಟ್ಟಿಂಗ್ ಫೈಲಿನಲ್ಲಿ ಅಕ್ಷರಕ್ಕಿಂತ ಡಾಲರ್ ಗುರುತೇ ಜಾಸ್ತಿ. 90ರ ದಶಕದಲ್ಲಿ ನಾನು ಮೇಲ್ ಸರ್ವರ್ ನೋಡಿಕೊಳ್ಳಲು ಕಲಿಯುವಾಗ ಆ ಫೈಲನ್ನು ಮುಟ್ಟುವ ಮುಂಚೆ ಒಂದು ಕಾಪಿ ತೆಗೆದಿಟ್ಟು, ಮನಸ್ಸಿನಲ್ಲೇ ಗಣಪತಿಗೆ ಕೈ ಮುಗಿಯುತ್ತಿದ್ದೆ.

ಮೂರನೆಯ ವಿಳಾಸಕ್ಕೆ ಬರುವ ಮುಂಚೆ ಹೆಸರುಗಳ ಕಥೆ ಹೇಳಬೇಕು. ಅರ್ಪಾನೆಟ್‌ನಲ್ಲಿ ದಾರಿ ಬರೆಯುವ ಕಷ್ಟ ಇರಲಿಲ್ಲ, ಕಂಪ್ಯೂಟರಿನ ಹೆಸರು ಗೊತ್ತಿದ್ದರೆ ಸಾಕು. ಆದರೆ ಹೆಸರಿನಿಂದ ಜಾಲದಲ್ಲಿ ಆ ಕಂಪ್ಯೂಟರಿನ ನಂಬರ್ ಹುಡುಕಬೇಕಲ್ಲ? ಅದಕ್ಕೆ ಒಂದೇ ಒಂದು ಫೈಲ್ ಇತ್ತು, ಹೋಸ್ಟ್ಸ್.ಟಿಎಕ್ಸ್‌ಟಿ. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ ಎಸ್‌ಆರ್‌ಐ ಸಂಸ್ಥೆಯ ಒಂದು ಕಚೇರಿ ಅದನ್ನು ಇಟ್ಟುಕೊಂಡಿತ್ತು. ಎಲಿಜಬೆತ್ ಫೈನ್ಲರ್ ಅದರ ಮುಖ್ಯಸ್ಥೆ, ಎಲ್ಲರೂ ಜೇಕ್ ಅಂತಲೇ ಕರೆಯುತ್ತಿದ್ದರು. ಹೊಸ ಕಂಪ್ಯೂಟರ್ ಬಂದರೆ ಅವರ ಕಚೇರಿಗೆ ತಿಳಿಸಬೇಕು. ಅವರು ಪಟ್ಟಿಗೆ ಸೇರಿಸುತ್ತಾರೆ. ಜಗತ್ತಿನಲ್ಲಿ ಎಲ್ಲರೂ ಆ ಫೈಲನ್ನು ಆಗಾಗ ಇಳಿಸಿಕೊಳ್ಳಬೇಕು.

ಆ ಫೈಲಿನ ವಂಶದ ಕುಡಿ ಈಗಲೂ ನಿಮ್ಮ ಮನೆಯಲ್ಲಿದೆ. ವಿಂಡೋಸ್ ಕಂಪ್ಯೂಟರಾದರೆ ಸಿಸ್ಟಮ್32 ಫೋಲ್ಡರಿನೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಅಂತ ಫೋಲ್ಡರ್ ಇದೆ. ಅಲ್ಲಿ ಹೋಸ್ಟ್ಸ್ ಅನ್ನುವ ಪುಟ್ಟ ಫೈಲ್. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಏನೂ ಬದಲಾಯಿಸಬೇಡಿ. ಎಡಕ್ಕೆ ನಂಬರ್, ಬಲಕ್ಕೆ ಹೆಸರು. ಒಂದು ಕಾಲಕ್ಕೆ ಇಡೀ ನೆಟ್ ಇಂಥದ್ದೊಂದು ಫೈಲಿನಲ್ಲಿ ಹಿಡಿಸುತ್ತಿತ್ತು.

1981ರ ಆಗಸ್ಟ್‌ನಲ್ಲಿ ಆ ಪಟ್ಟಿಯಲ್ಲಿದ್ದದ್ದು 213 ಕಂಪ್ಯೂಟರ್. ಎರಡು ವರ್ಷದ ಮೇಲೆ 562. ಕಂಪ್ಯೂಟರ್ ಹೆಚ್ಚಿದಂತೆ ಫೈಲ್ ಉದ್ದವಾಗುತ್ತದೆ, ಇಳಿಸಿಕೊಳ್ಳುವವರೂ ಜಾಸ್ತಿಯಾಗುತ್ತಾರೆ. ಅಂದರೆ ಕಂಪ್ಯೂಟರ್ ಎರಡು ಪಟ್ಟಾದರೆ ಇಳಿಸಿಕೊಳ್ಳುವ ಭಾರ ನಾಲ್ಕು ಪಟ್ಟು. ಎಲ್ಲೋ ಒಬ್ಬರು ಹೊಸ ಪಟ್ಟಿ ಇಳಿಸಿಕೊಂಡಿರುವುದಿಲ್ಲ, ಅವರ ಪಾಲಿಗೆ ಹೊಸ ಕಂಪ್ಯೂಟರ್ ಹುಟ್ಟೇ ಇಲ್ಲ. ಇದಕ್ಕಿಂತ ಕಷ್ಟದ ವಿಷಯ ಹೆಸರು. ಪಟ್ಟಿ ಒಂದೇ ಆದ್ದರಿಂದ ಒಂದು ಹೆಸರು ಒಬ್ಬರಿಗೇ. ಒಳ್ಳೆಯ ಹೆಸರೆಲ್ಲ ಮೊದಲು ಬಂದವರ ಪಾಲು.

ಇದು ನಮಗೆ ಗೊತ್ತಿಲ್ಲದ ಸಮಸ್ಯೆಯಾ? ಕರ್ನಾಟಕದಲ್ಲಿ ಎಷ್ಟು ಹೊಸಹಳ್ಳಿ ಇವೆ, ಎಣಿಸಿದವರುಂಟಾ! ಆದರೂ ಗಲಾಟೆ ಆಗುವುದಿಲ್ಲ, ಯಾಕೆಂದರೆ ಹೋಬಳಿ, ತಾಲ್ಲೂಕು, ಜಿಲ್ಲೆ ಇವೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಐಎಸ್‌ಐ ಸಂಸ್ಥೆಯಲ್ಲಿದ್ದ ಪಾಲ್ ಮೋಕಪೆಟ್ರಿಸ್ 1983ರ ನವೆಂಬರಿನಲ್ಲಿ ಮುಂದಿಟ್ಟದ್ದೂ ಇದನ್ನೇ. ಅವರಿಗೆ ಈ ಕೆಲಸ ಒಪ್ಪಿಸಿದ್ದು ಅಲ್ಲೇ ಇದ್ದ ಜಾನ್ ಪೋಸ್ಟೆಲ್. ಹೆಸರನ್ನು ಚುಕ್ಕಿ ಹಾಕಿ ಒಡೆಯಿರಿ. ಎಲ್ಲವನ್ನೂ ಒಬ್ಬರೇ ಇಟ್ಟುಕೊಳ್ಳುವುದು ಬೇಡ. ಮೇಲಿನವರಿಗೆ ತಮ್ಮ ಕೆಳಗೆ ಯಾರಿದ್ದಾರೆ ಅಂತ ಗೊತ್ತಿದ್ದರೆ ಸಾಕು, ಒಳಗಿನ ಹೆಸರನ್ನು ಆಯಾ ಜಾಗದವರೇ ನೋಡಿಕೊಳ್ಳಲಿ. ಜಿಲ್ಲಾಧಿಕಾರಿಗೆ ನಿಮ್ಮ ಮನೆ ಗೊತ್ತಿರಬೇಕಿಲ್ಲ, ತಾಲ್ಲೂಕು ಕಚೇರಿ ಯಾವುದು ಅಂತ ಗೊತ್ತಿದ್ದರೆ ಸಾಕು. ಒಮ್ಮೆ ಕೇಳಿ ತಿಳಿದುಕೊಂಡದ್ದನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಿ, ಪದೇ ಪದೇ ಕೇಳಬೇಡಿ. ಡಿಎನ್‌ಎಸ್ (ಡೊಮೇನ್ ನೇಮ್ ಸಿಸ್ಟಮ್) ಅಂದರೆ ಇಷ್ಟೇ. 1987ರ ಡಿಸೆಂಬರಿನಲ್ಲಿ ಕಂಪ್ಯೂಟರುಗಳ ಸಂಖ್ಯೆ 28,174. ಆ ಒಂದೇ ಫೈಲನ್ನು ನೆಚ್ಚಿಕೊಂಡಿದ್ದರೆ ಏನಾಗುತ್ತಿತ್ತೋ.

ಮೇಲ್ತುದಿಯ ಹೆಸರುಗಳನ್ನು 1984ರ ಅಕ್ಟೋಬರಿನಲ್ಲಿ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಪ್ರಕಟಿಸಿದರು: ಕಾಮ್, ಇಡಿಯು, ಗವ್, ಮಿಲ್, ಆರ್ಗ್. ಜೊತೆಗೆ ದೇಶಗಳಿಗೆ ಎರಡಕ್ಷರ. ಇವೆಲ್ಲ ಬರುವವರೆಗೆ ಹಳೆಯ ಕಂಪ್ಯೂಟರುಗಳಿಗೆ ತಾತ್ಕಾಲಿಕವಾಗಿ .ಆರ್ಪಾ ಅಂತ ಬಾಲ ಅಂಟಿಸಿದ್ದರು. ನಿಮ್ಮಪ್ಪನ 1986ರ ವಿಳಾಸದ ಕೊನೆಯಲ್ಲಿರುವುದು ಅದೇ. ಆ ತಾತ್ಕಾಲಿಕ .ಆರ್ಪಾ ಇವತ್ತಿಗೂ ಇದೆ, ನಂಬರಿನಿಂದ ಹೆಸರು ಹುಡುಕುವ ಕೆಲಸಕ್ಕೆ.

.ಕಾಮ್ ಬಗ್ಗೆ ಆಗ ಯಾರಿಗೂ ಆಸೆ ಇರಲಿಲ್ಲ. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿ ಮೊದಲ .ಕಾಮ್ ತೆಗೆದುಕೊಂಡಿತು. ಆ ಇಡೀ ವರ್ಷದಲ್ಲಿ ಆರು ಮಾತ್ರ. ದುಡ್ಡೂ ಕೊಡಬೇಕಿರಲಿಲ್ಲ, 1995ರ ಸೆಪ್ಟೆಂಬರಿನವರೆಗೂ ಪುಕ್ಕಟೆ. ಆಮೇಲೆ ಎರಡು ವರ್ಷಕ್ಕೆ 100 ಡಾಲರ್ ಮಾಡಿದಾಗ ಜನ ಬೊಬ್ಬೆ ಹೊಡೆದರು.

ಬ್ರಿಟನ್‌ನವರದು ಬೇರೆಯೇ ರಾಗ. ಅವರ ವಿಶ್ವವಿದ್ಯಾಲಯಗಳ ಜಾನೆಟ್ ಜಾಲದಲ್ಲಿ ವಿಳಾಸ ಉಲ್ಟಾ: ಮೊದಲು ಯುಕೆ, ಆಮೇಲೆ ಎಸಿ, ಆಮೇಲೆ ವಿಶ್ವವಿದ್ಯಾಲಯ, ಕೊನೆಗೆ ವಿಭಾಗ. ನಮ್ಮ ಪಹಣಿಯಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಬರುತ್ತದಲ್ಲ, ಹಾಗೆ. ಅಮೆರಿಕದವರದು ಅಂಚೆ ಕವರಿನ ಥರ, ಚಿಕ್ಕದರಿಂದ ದೊಡ್ಡದಕ್ಕೆ. ನನ್ನನ್ನು ಕೇಳಿದರೆ ಬ್ರಿಟನ್‌ನವರದೇ ಸರಿ ಇತ್ತು, ಆದರೆ ಜಗತ್ತೆಲ್ಲ ಆ ಕಡೆ ನಡೆಯುವಾಗ ಒಬ್ಬರೇ ಈ ಕಡೆ ನಡೆದರೆ ಡಿಕ್ಕಿ ಆಗುತ್ತದೆ. ಆಯಿತು ಕೂಡ. ಕಂಪ್ಯೂಟರ್ ಸೈನ್ಸ್ ವಿಭಾಗದ ಹೆಸರು ಎಲ್ಲ ಕಡೆ ಸಿಎಸ್. ಬ್ರಿಟನ್ ಕ್ರಮದಲ್ಲಿ ಅದು ಕೊನೆಗೆ ಬರುತ್ತದೆ. ಅಷ್ಟರಲ್ಲಿ ಚೆಕೊಸ್ಲೊವಾಕಿಯಾಕ್ಕೆ .ಸಿಎಸ್ ಎಂಬ ಮೇಲ್ತುದಿ ಸಿಕ್ಕಿತು. ಬ್ರಿಟನ್ನಿನ ಯಾವುದೋ ವಿಭಾಗಕ್ಕೆ ಬರೆದ ಮೇಲನ್ನು ನೋಡಿ ಕಂಪ್ಯೂಟರುಗಳು ಚೆಕೊಸ್ಲೊವಾಕಿಯಾ ಕಡೆ ಮುಖ ಮಾಡತೊಡಗಿದವು. ಆಮೇಲೆ ಆ ದೇಶವೇ ಎರಡು ಹೋಳಾಯಿತು, .ಸಿಎಸ್ ಅಳಿಸಿಹೋಯಿತು.

ಇಂಥದ್ದೇ ಇನ್ನೊಂದು ತಮಾಷೆ 1993ರಲ್ಲಿ ಬಯಲಾಯಿತು. ನೀವು ಹೆಸರನ್ನು ಅರ್ಧ ಟೈಪ್ ಮಾಡಿದರೂ ಕಂಪ್ಯೂಟರ್ ತನ್ನದೇ ಬಾಲವನ್ನು ಅಂಟಿಸಿ ಹುಡುಕುವ ಅಭ್ಯಾಸ ಇತ್ತು. .ಕಾಮ್ ಕಂಪನಿಯೊಳಗೆ ಕೂತು ಒಂದು .ಇಡಿಯು ಹೆಸರು ಹುಡುಕಿದರೆ, ಅದು ಮೊದಲು ಕೊನೆಗೆ .ಕಾಮ್ ಸೇರಿಸಿ ಇಡಿಯು.ಕಾಮ್ ಒಳಗೂ ಕೇಳಿ ನೋಡುತ್ತಿತ್ತು. ಅಲ್ಲಿ ಯಾರೂ ಇಲ್ಲದಿದ್ದರೆ ತೊಂದರೆ ಇಲ್ಲ. ಆದರೆ ಇಡಿಯು.ಕಾಮ್ ಎಂಬ ಹೆಸರನ್ನು ಯಾರೋ ನೋಂದಾಯಿಸಿಬಿಟ್ಟರು! ವಿಶ್ವವಿದ್ಯಾಲಯಕ್ಕೆ ಅಂತ ಹೊರಟವರು ಬೇರೆಯವರ ಬಾಗಿಲು ತಟ್ಟುವ ಹಾಗಾಯಿತು. ಹೆಸರಿನ ಕೊನೆಗೆ ಇನ್ನೊಂದು ಚುಕ್ಕಿ ಇಟ್ಟರೆ "ಹೆಸರು ಇಲ್ಲಿಗೆ ಮುಗಿಯಿತು, ಬಾಲ ಅಂಟಿಸಬೇಡ" ಅಂತ ಅರ್ಥ. ಡಿಎನ್‌ಎಸ್ ಕೆಲಸ ಮಾಡುವವರು ಆ ಚುಕ್ಕಿಯನ್ನು ಇವತ್ತಿಗೂ ಮರೆಯುತ್ತಾರೆ, ಇವತ್ತಿಗೂ ಬೈಸಿಕೊಳ್ಳುತ್ತಾರೆ.

ಇಷ್ಟಾದರೂ ನಿಮ್ಮಪ್ಪನ ಮೂರನೆಯ ವಿಳಾಸ ಹೇಗೆ ಸಾಧ್ಯವಾಯಿತು ಅಂತ ಹೇಳಿಲ್ಲ. ಅವರ ವಿಭಾಗದ ಕಂಪ್ಯೂಟರ್ 1988ರಲ್ಲೂ ಫೋನ್ ಲೈನಿನಲ್ಲೇ ನಡೆಯುತ್ತಿದ್ದಿರಬಹುದು. ಆದರೂ ವಿಳಾಸ ಮಾತ್ರ ಚೊಕ್ಕವಾಗಿದೆ. ಇದರ ಹಿಂದಿರುವುದು ಕ್ರೇಗ್ ಪಾರ್ಟ್ರಿಜ್ 1986ರ ಜನವರಿಯಲ್ಲಿ ಬರೆದುಕೊಟ್ಟ ಎಂಎಕ್ಸ್ ದಾಖಲೆಯ ನಿಯಮ. ಒಂದು ಹೆಸರಿಗೆ ಬರುವ ಮೇಲನ್ನು ಯಾರ ಕೈಗೆ ಕೊಡಬೇಕು ಅಂತ ಡಿಎನ್‌ಎಸ್‌ನಲ್ಲೇ ಬರೆದಿಡುವುದು. ಜೊತೆಗೆ ಒಂದು ಅಂಕ. 10 ಇರುವವರಿಗೆ ಮೊದಲು ಕೊಡಿ, ಅವರು ಸಿಗದಿದ್ದರೆ 20 ಇರುವವರಿಗೆ. ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಯವರ ಕೈಲಿ ಕೊಟ್ಟು ಹೋಗಿ ಅಂದ ಹಾಗೆ. ಬರೆಯುವವರಿಗೆ ದಾರಿ ಗೊತ್ತಿರಬೇಕಿಲ್ಲ. ಒಳಗೆ ಮೇಲ್ ಫೋನ್ ಲೈನಲ್ಲಿ ಹೋಗಲಿ, ಬಿಟ್‌ನೆಟ್‌ನಲ್ಲಿ ಹೋಗಲಿ, ಹೊರಗಿನ ಹೆಸರು ಒಂದೇ. ದಾರಿ ಹೇಳುವ ಹೊರೆ ಕಾಗದ ಬರೆಯುವವರ ತಲೆಯಿಂದ ಇಳಿದದ್ದು ಆಗ. ಡಿಎನ್‌ಎಸ್‌ನಲ್ಲಿ ಇದಕ್ಕಿಂತ ಚೆಂದದ ಭಾಗ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. (ನಾನು ಒಮ್ಮೆ ಆ 10 ಮತ್ತು 20ನ್ನು ಅದಲು ಬದಲು ಮಾಡಿದ್ದೆ. ಒಂದು ಇಡೀ ಕಚೇರಿಯ ಮೇಲ್ ಸೋಮವಾರ ಬೆಳಗಿನವರೆಗೂ ಪಕ್ಕದ ಮನೆಯಲ್ಲೇ ಕೂತಿತ್ತು.)

ನಮ್ಮ ದೇಶಕ್ಕೆ .ಇನ್ ಬಂದದ್ದು 1989ರ ಮೇ ತಿಂಗಳಲ್ಲಿ. ಅರ್ನೆಟ್ ಎಂಬ ಜಾಲ ಐಐಟಿಗಳನ್ನು, ಮುಂಬೈಯ ಎನ್‌ಸಿಎಸ್‌ಟಿ ಎಂಬ ಸಾಫ್ಟ್‌ವೇರ್ ಸಂಶೋಧನಾ ಸಂಸ್ಥೆಯನ್ನು, ನಮ್ಮ ಬೆಂಗಳೂರಿನ ಐಐಎಸ್‌ಸಿಯನ್ನು ಜೋಡಿಸಿತ್ತು. ಹಾಗಾಗಿ ಐಐಎಸ್‌ಸಿಯವರ ವಿಳಾಸ ಬಹಳ ಕಾಲ ಐಐಎಸ್‌ಸಿ.ಅರ್ನೆಟ್.ಇನ್. ಈಗ ಐಐಎಸ್‌ಸಿ.ಎಸಿ.ಇನ್. ಹಳೆಯದರ ಮಧ್ಯೆ ಜಾಲದ ಹೆಸರು ಕೂತಿದೆ, ಗಮನಿಸಿ. ದಾರಿಯನ್ನು ಹೆಸರಿನಿಂದ ಬಿಡಿಸಿದೆವು ಅಂದುಕೊಂಡರೂ ಅದು ಹೀಗೆ ನುಸುಳುತ್ತದೆ. 1995ರ ಆಗಸ್ಟ್ 15ರಂದು ಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಾಗ ಬೆಂಗಳೂರಿನವರ ವಿಳಾಸದಲ್ಲಿ ಜಿಐಎಎಸ್‌ಬಿಜಿ01.ವಿಎಸ್‌ಎನ್‌ಎಲ್.ನೆಟ್.ಇನ್ ಅಂತ ಕಂಪ್ಯೂಟರಿನ ನಂಬರೇ ಸೇರಿಕೊಂಡಿತ್ತು. ಫೋನಿನಲ್ಲಿ ಯಾರಿಗಾದರೂ ಅದನ್ನು ಬಾಯಲ್ಲಿ ಹೇಳಿ ನೋಡಿ.

ಹೋಸ್ಟ್ಸ್ ಫೈಲಿನ ಕಾಲದ ಇನ್ನೊಂದು ಕಟ್ಟಳೆ ನಮ್ಮನ್ನು ಜಾಸ್ತಿ ದಿನ ಕಾಡಿತು. ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕೆ, ಅಡ್ಡಗೆರೆ ಬಿಟ್ಟು ಬೇರೇನೂ ಇರಬಾರದು. ಅಂಕೆಯಿಂದ ಶುರುವಾಗುವಂತೆಯೂ ಇರಲಿಲ್ಲ. 3ಕಾಮ್ ಕಂಪನಿಯಂಥವರಿಗಾಗಿ ಆ ಅಂಕೆಯ ಕಟ್ಟಳೆಯನ್ನು 1989ರಲ್ಲಿ ಸಡಿಲಿಸಿದರು. ಕನ್ನಡದಂಥ ಲಿಪಿಗಳಿಗೆ ದಾರಿಯಾದದ್ದು 2003ರಲ್ಲಿ. ಅದೂ ಹಿಂಬಾಗಿಲಿನಿಂದ. ಕಣ್ಣಿಗೆ ಕಾಣುವುದು .ಭಾರತ, ಒಳಗೆ ಓಡಾಡುವುದು ಎಕ್ಸ್, ಎನ್, ಎರಡು ಅಡ್ಡಗೆರೆಯಿಂದ ಶುರುವಾಗುವ ಒಂದು ಇಂಗ್ಲಿಷ್ ವೇಷ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಮೊದಲ ಎರಡು ವಿಳಾಸಕ್ಕೆ ಮೇಲ್ ಹೋಗುವುದಿಲ್ಲ. ಸೈಸ್ಮೊ ಇಲ್ಲ, ವಿಸ್ಕ್‌ವಿಎಂ ಇಲ್ಲ, ಬಿಟ್‌ನೆಟ್ ಮುಚ್ಚಿ ಎಷ್ಟೋ ಕಾಲವಾಯಿತು. ಮೂರನೆಯದರ ಡೊಮೇನ್ ಇನ್ನೂ ಜೀವಂತವಾಗಿದೆ, ನಾನು ಎಂಎಕ್ಸ್ ನೋಡಿದೆ, ಮೇಲ್ ತೆಗೆದುಕೊಳ್ಳುತ್ತಿದೆ. ಅಪ್ಪನ ಖಾತೆ ಮಾತ್ರ ಇರಲಾರದು, "ಅಂಥವರು ಇಲ್ಲಿ ಇಲ್ಲ" ಅಂತ ವಾಪಸ್ ಬರುತ್ತದೆ. ಸುಮ್ನೆ ಒಂದು ಹಾಕಿ ನೋಡಿ, ಖರ್ಚೇನಿಲ್ಲ.

ಅದಕ್ಕಿಂತ ಹೀಗೆ ಮಾಡಿ. ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಇಮೇಲ್ ಬಗ್ಗೆ ಕೇಳಬೇಡಿ. ಬ್ಯಾಂಗ್ ಹಿಂದೆ ಓರೆಗೆರೆ ಹಾಕಲು ಮರೆತರೆ ಏನಾಗುತ್ತಿತ್ತು ಅಂತ ಮಾತ್ರ ಕೇಳಿ.